ತಾರಸಿಯಿಂದ ಕುದುರೆತಲೆ ನೀಹಾರಿಕೆ: ಮಸುಕು ಬೆಳಕನ್ನು ಕ್ಯಾಮೆರಾದಲ್ಲಿ ಹಿಡಿಯುವ ಬಗೆ

ಡಿಸೆಂಬರ್ ನಡುವಿನ ಒಂದು ರಾತ್ರಿ ಹತ್ತು ಗಂಟೆಗೆ ತಾರಸಿ ಹತ್ತಿ, ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ತಲೆ ಎತ್ತಿದರೆ ಮೂರು ನಕ್ಷತ್ರಗಳು ಹತ್ತಿರ ಹತ್ತಿರ, ಒಂದೇ ಗೆರೆಯಲ್ಲಿ ಕಾಣುತ್ತವೆ. ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿ. ಬೆಂಗಳೂರಿನ ಬೆಳಕಿನಲ್ಲೂ ಅದು ಕಣ್ಣು ತಪ್ಪುವುದಿಲ್ಲ. ಮೂರರಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಆಲ್ನಿಟಾಕ್. ಅಲ್ಲಿಂದ ದಕ್ಷಿಣಕ್ಕೆ, ಅಂದರೆ ನಿಮ್ಮ ಬಲಕ್ಕೆ, ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿದರೆ ಒಂದು ಕುದುರೆಯ ತಲೆ ಇದೆ. ಚದುರಂಗದ ಕುದುರೆಯನ್ನು ಪಕ್ಕದಿಂದ ನೋಡಿದ ಹಾಗೆ.

ಬರಿಗಣ್ಣಿಗೆ ಅದು ಕಾಣುವುದಿಲ್ಲ. ನಗರದಲ್ಲಿ ಟೆಲಿಸ್ಕೋಪಿಗೆ ಕಣ್ಣಿಟ್ಟರೂ ಕಾಣುವುದಿಲ್ಲ. ಆದರೆ ಅದೇ ತಾರಸಿಯಿಂದ, ಅಂಗೈ ಅಗಲವೂ ಇಲ್ಲದ ಲೆನ್ಸಿನ ಟೆಲಿಸ್ಕೋಪಿನಿಂದ ಅದರ ಫೋಟೊ ತೆಗೆಯಬಹುದು. ನಾನು ತೆಗೆದಿದ್ದೇನೆ. ಹೇಗೆ ಅಂತ ಮೊದಲಿಂದ ಕೊನೆಯವರೆಗೆ ಹೇಳುತ್ತೇನೆ.

ಏನನ್ನು ಹಿಡಿಯುತ್ತಿದ್ದೇವೆ?

ಇದು ಗೊತ್ತಿದ್ದರೆ ಮುಂದಿನ ಅರ್ಧ ತಪ್ಪು ತಪ್ಪುತ್ತದೆ. ಹಾಗಾಗಿ ಸ್ವಲ್ಪ ನಿಲ್ಲೋಣ.

ಕುದುರೆತಲೆ ಹೊಳೆಯುವ ವಸ್ತುವಲ್ಲ. ಅದು ತಣ್ಣಗಿನ ಅನಿಲ ಮತ್ತು ಧೂಳಿನ ಮೋಡ. ಅದರ ಹಿಂದೆ ಐಸಿ 434 ಎಂಬ ಜಲಜನಕದ ಪರದೆ ಇದೆ. ಹತ್ತಿರದ ಸಿಗ್ಮಾ ಓರಿಯೋನಿಸ್ ನಕ್ಷತ್ರದ ನೇರಳಾತೀತ ಬೆಳಕು ಬಿದ್ದು ಆ ಜಲಜನಕ ಕೆಂಪಗೆ ಹೊಳೆಯುತ್ತದೆ. ಆ ಕೆಂಪಿಗೆ ಎಚ್-ಆಲ್ಫಾ ಅಂತ ಹೆಸರು, ತರಂಗಾಂತರ 656.3 ನ್ಯಾನೊಮೀಟರ್. ಧೂಳು ಆ ಬೆಳಕನ್ನು ತಡೆದ ಕಡೆ ಕಪ್ಪಗೆ ಕುದುರೆಯ ಆಕಾರ ಮೂಡಿದೆ. ಇದೆಲ್ಲ ನಡೆಯುತ್ತಿರುವುದು ಸುಮಾರು 1,300 ಜ್ಯೋತಿರ್ವರ್ಷ ದೂರದಲ್ಲಿ.

ಅಂದರೆ ನಾವು ಹಿಡಿಯಬೇಕಾದದ್ದು ಕುದುರೆಯನ್ನಲ್ಲ, ಹಿಂದಿನ ಕೆಂಪು ಪರದೆಯನ್ನು. ಪರದೆ ಎಷ್ಟು ಚೆನ್ನಾಗಿ ಬರುತ್ತದೋ ಕುದುರೆ ಅಷ್ಟು ಚೆನ್ನಾಗಿ ಎದ್ದು ನಿಲ್ಲುತ್ತದೆ. ಫಿಲ್ಟರ್ ಆರಿಸುವಾಗಲೂ, ಕೊನೆಗೆ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವಾಗಲೂ ಈ ಮಾತು ನೆನಪಿರಲಿ.

ಇದನ್ನು ಮೊದಲು ಗುರುತಿಸಿದ್ದು ಕೂಡ ಕಣ್ಣಿನಿಂದಲ್ಲ, ಫೋಟೊದಿಂದ. 1888ರಲ್ಲಿ ಹಾರ್ವರ್ಡ್ ವೀಕ್ಷಣಾಲಯದಲ್ಲಿ ತೆಗೆದ ಒಂದು ಗಾಜಿನ ಪ್ಲೇಟಿನಲ್ಲಿ ವಿಲಿಯಮಿನಾ ಫ್ಲೆಮಿಂಗ್ ಇದನ್ನು ಕಂಡರು. ಸ್ಕಾಟ್ಲೆಂಡಿನಿಂದ ಬಂದು, ವೀಕ್ಷಣಾಲಯದ ನಿರ್ದೇಶಕರ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಆಕೆ. ಆಮೇಲೆ ಅದೇ ವೀಕ್ಷಣಾಲಯದಲ್ಲಿ ಸಾವಿರಾರು ನಕ್ಷತ್ರಗಳನ್ನು ವಿಂಗಡಿಸಿದರು. ಮೊದಲ ಸಲ ನನ್ನ ಲ್ಯಾಪ್‌ಟಾಪಿನಲ್ಲಿ ಆ ಕಪ್ಪು ಕಚ್ಚು ಮೂಡಿದಾಗ ನನಗೆ ನೆನಪಾದದ್ದು ಭೂತಗನ್ನಡಿ ಹಿಡಿದು ಪ್ಲೇಟಿನ ಮೇಲೆ ಬಗ್ಗಿದ ಆ ಹೆಂಗಸು.

ಯಾವಾಗ?

ನವೆಂಬರ್‌ನಿಂದ ಫೆಬ್ರವರಿವರೆಗೆ ಇದರ ಕಾಲ. ಆದರೆ ನಮ್ಮ ಕಡೆ ಡಿಸೆಂಬರ್ ಮೊದಲ ವಾರದವರೆಗೂ ಹಿಂಗಾರಿನ ಮೋಡ ಬಂದು ಹೋಗುತ್ತಿರುತ್ತದೆ. ನನ್ನ ಅನುಭವದಲ್ಲಿ ಸಂಕ್ರಾಂತಿಯ ಆಸುಪಾಸಿನಿಂದ ಶಿವರಾತ್ರಿಯವರೆಗಿನ ರಾತ್ರಿಗಳೇ ಬಂಗಾರ.

ಜನವರಿ ನಡುವಿಗೆ ಲೆಕ್ಕ ಹಾಕಿ ನೋಡಿ. ಕುದುರೆತಲೆ ರಾತ್ರಿ ಹತ್ತೂಕಾಲರ ಸುಮಾರಿಗೆ ನೆತ್ತಿಯ ಹತ್ತಿರ, 74 ಡಿಗ್ರಿ ಎತ್ತರಕ್ಕೆ ಬರುತ್ತದೆ. ಸಂಜೆ ಏಳೂವರೆಗೆ ಪೂರ್ತಿ ಕತ್ತಲಾಗುತ್ತದೆ. ಅಲ್ಲಿಂದ ರಾತ್ರಿ ಒಂದೂವರೆವರೆಗೆ ಅದು 35 ಡಿಗ್ರಿಗಿಂತ ಮೇಲೆಯೇ ಇರುತ್ತದೆ. ಆರು ಗಂಟೆ ಕೆಲಸ ಮಾಡಿ ಮಲಗಿ, ಬೆಳಿಗ್ಗೆ ಆಫೀಸಿಗೂ ಹೋಗಬಹುದು. ಯೂರೋಪಿನ ಬಹುಭಾಗದಲ್ಲಿ ಇದು ಆಕಾಶದ ಅರ್ಧ ಎತ್ತರಕ್ಕೂ ಏರುವುದಿಲ್ಲ. ನಮಗೆ ತಲೆಯ ಮೇಲೆ. ಈ ಭಾಗ್ಯವನ್ನು ಬಳಸಿಕೊಳ್ಳದೆ ಬಿಡಬಾರದು.

ಚಂದ್ರನ ಮಟ್ಟಿಗೆ ಪಂಚಾಂಗವೇ ಸಾಕು. ಮಾರ್ಗಶಿರ ಮಾಸಕ್ಕೆ ಆ ಹೆಸರು ಬಂದಿದ್ದೇ ಆ ತಿಂಗಳ ಹುಣ್ಣಿಮೆ ಮೃಗಶಿರಾ ನಕ್ಷತ್ರದ ಬಳಿ ಆಗುವುದರಿಂದ. ಮೃಗಶಿರಾ ಇರುವುದು ಮಹಾವ್ಯಾಧನ ತಲೆಯಲ್ಲೇ. ಅಂದರೆ ಆ ಹುಣ್ಣಿಮೆಯ ಚಂದ್ರ ನಮ್ಮ ಕುದುರೆಯ ಪಕ್ಕದಲ್ಲೇ ಕೂತಿರುತ್ತಾನೆ. ಆ ವಾರ ಬಿಟ್ಟುಬಿಡಿ. ಎಳ್ಳಮಾವಾಸ್ಯೆ ಮತ್ತು ಅವರಾತ್ರಿ ಅಮಾವಾಸ್ಯೆಯ ಹಿಂದು ಮುಂದಿನ ವಾರಗಳನ್ನು ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ಏನೇನು ಬೇಕು?

ಕೈಯಲ್ಲಿರುವ ಹಣದ ದೊಡ್ಡ ಪಾಲು ಮೌಂಟಿಗೆ, ಅಂದರೆ ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಸಾಧನಕ್ಕೆ ಹೋಗಲಿ, ಟೆಲಿಸ್ಕೋಪಿಗಲ್ಲ. ಹೊಸಬರು ಇದನ್ನು ತಲೆಕೆಳಗು ಮಾಡುತ್ತಾರೆ. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ಸರಿಯುತ್ತದೆ (ಒಂದು ಡಿಗ್ರಿಗೆ 60 ಆರ್ಕ್‌ಮಿನಿಟ್, ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್). ಐದು ನಿಮಿಷದಲ್ಲಿ ಒಂದೂಕಾಲು ಡಿಗ್ರಿ. ಐದು ನಿಮಿಷ ಶಟರ್ ತೆರೆದಿಟ್ಟರೂ ನಕ್ಷತ್ರ ಚುಕ್ಕೆಯಾಗಿಯೇ ಉಳಿಯಬೇಕು. ಆ ಕೆಲಸ ಈಕ್ವಟೋರಿಯಲ್ ಮೌಂಟಿನದು. ಮೌಂಟ್ ಎಷ್ಟು ಕೆಜಿ ಹೊರುತ್ತದೆ ಅಂತ ಬರೆದಿರುತ್ತಾರೋ ಅದರ ಅರ್ಧಕ್ಕಿಂತ ಜಾಸ್ತಿ ಹೇರಬೇಡಿ.

ಟೆಲಿಸ್ಕೋಪ್ ಚಿಕ್ಕದೇ ಸಾಕು. ನಾನು ಬಳಸುವುದು 72 ಮಿಲಿಮೀಟರ್ ಲೆನ್ಸಿನ, 420 ಮಿಲಿಮೀಟರ್ ಫೋಕಲ್ ಲೆಂತ್ ಇರುವ ರಿಫ್ರಾಕ್ಟರ್, ಜೊತೆಗೆ ಅದಕ್ಕೆ ಹೊಂದುವ ಫ್ಲ್ಯಾಟನರ್. ಫ್ಲ್ಯಾಟನರ್ ಇಲ್ಲದಿದ್ದರೆ ಮೂಲೆಯ ನಕ್ಷತ್ರಗಳು ಉದ್ದಕ್ಕೆ ಎಳೆದ ಹಾಗೆ ಬರುತ್ತವೆ.

ಕ್ಯಾಮೆರಾ ವಿಷಯ. ಮನೆಯಲ್ಲಿರುವ ಡಿಎಸ್ಎಲ್ಆರ್ ಆಗುತ್ತದೆ, ಆದರೆ ಒಂದು ತೊಡಕಿದೆ. ಮನುಷ್ಯರ ಮುಖದ ಬಣ್ಣ ಸರಿಯಾಗಿ ಬರಲಿ ಅಂತ ಅದರ ಸೆನ್ಸರ್ ಮುಂದೆ ಒಂದು ಫಿಲ್ಟರ್ ಇಟ್ಟಿರುತ್ತಾರೆ. ಅದು ಎಚ್-ಆಲ್ಫಾದ ಬಹುಪಾಲನ್ನು ತಡೆಯುತ್ತದೆ. ನಮಗೆ ಬೇಕಾದದ್ದೇ ಅದು! ಆ ಫಿಲ್ಟರ್ ತೆಗೆಸಿದ ಹಳೆಯ ಡಿಎಸ್ಎಲ್ಆರ್ ಸಿಕ್ಕರೆ ಒಳ್ಳೆಯದು. ಅದಕ್ಕಿಂತ ಒಳ್ಳೆಯದು ಆಸ್ಟ್ರೊ ಕೂಲ್ಡ್ ಕ್ಯಾಮೆರಾ, ಅಂದರೆ ಸೆನ್ಸರನ್ನು ತಣ್ಣಗಿಡುವ, ಆಕಾಶದ ಫೋಟೊಗೆಂದೇ ಮಾಡಿದ ಕ್ಯಾಮೆರಾ. ನನ್ನದು ಐಎಂಎಕ್ಸ್ 533 ಸೆನ್ಸರಿನ ಕಲರ್ ಕ್ಯಾಮೆರಾ, ಪಿಕ್ಸೆಲ್ 3.76 ಮೈಕ್ರಾನ್. ಈ ಜೋಡಿಯಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 1.85 ಆರ್ಕ್‌ಸೆಕೆಂಡ್ ಬೀಳುತ್ತದೆ, ಚೌಕಟ್ಟು ಒಂದೂವರೆ ಡಿಗ್ರಿ. ಕುದುರೆಯ ತಲೆ 6ರಿಂದ 8 ಆರ್ಕ್‌ಮಿನಿಟ್ ಇರುವುದರಿಂದ ಚಿತ್ರದಲ್ಲಿ 200ರಿಂದ 260 ಪಿಕ್ಸೆಲ್ ಆಗುತ್ತದೆ. ಆಲ್ನಿಟಾಕ್, ಅದರ ಪಕ್ಕದ ಜ್ವಾಲೆ ನೀಹಾರಿಕೆ, ಕುದುರೆ, ಮೂರೂ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ.

ನಗರದಲ್ಲಿದ್ದರೆ ಡ್ಯುಯಲ್ ನ್ಯಾರೋಬ್ಯಾಂಡ್ ಫಿಲ್ಟರ್ ಬೇಕೇ ಬೇಕು. ಅದು ಎಚ್-ಆಲ್ಫಾದ ಸುತ್ತ ಒಂದು ಕಿರಿದಾದ ಕಿಂಡಿ, ಆಮ್ಲಜನಕದ 500.7 ನ್ಯಾನೊಮೀಟರಿನ ಸುತ್ತ ಇನ್ನೊಂದು ಕಿಂಡಿ ಬಿಟ್ಟು ಉಳಿದ ಬೆಳಕನ್ನೆಲ್ಲ ತಡೆಯುತ್ತದೆ. ಬೀದಿದೀಪ, ಜಾಹೀರಾತು ಫಲಕ, ಎಲ್ಲದರ ಬಹುಪಾಲು ಅಲ್ಲೇ ನಿಲ್ಲುತ್ತದೆ. ಅಗ್ಗದ ಫಿಲ್ಟರಿನಲ್ಲಿ ಆಲ್ನಿಟಾಕ್ ಸುತ್ತ ದೊಡ್ಡ ಬಳೆಯ ಹಾಗೆ ಒಂದು ಪ್ರಭೆ ಬರುತ್ತದೆ. ಕೊಳ್ಳುವ ಮೊದಲು ಅದೇ ಫಿಲ್ಟರಿನಲ್ಲಿ ಬೇರೆಯವರು ತೆಗೆದ ಕುದುರೆತಲೆಯ ಚಿತ್ರ ಹುಡುಕಿ, ಆ ನಕ್ಷತ್ರದ ಸುತ್ತ ನೋಡಿ.

ಇವುಗಳ ಜೊತೆಗೆ ಚಿಕ್ಕ ಗೈಡ್ ಸ್ಕೋಪ್, ಗೈಡ್ ಕ್ಯಾಮೆರಾ (ಗುರಿ ಸರಿಯದ ಹಾಗೆ ಕಾಯುವ ಜೋಡಿ), ಇಬ್ಬನಿ ತಡೆಯುವ ಹೀಟರ್ ಪಟ್ಟಿ, ಒಂದು ಲ್ಯಾಪ್‌ಟಾಪ್. ಸಾಫ್ಟ್‌ವೇರಿಗೆ ದುಡ್ಡು ಬೇಡ. ಕ್ಯಾಮೆರಾ ಮತ್ತು ಮೌಂಟ್ ನಡೆಸಲು ನಿನಾ, ಗೈಡಿಂಗಿಗೆ ಪಿಎಚ್‌ಡಿ2, ಚಿತ್ರ ಜೋಡಿಸಲು ಸಿರಿಲ್. ಮೂರೂ ಉಚಿತ.

ಹಗಲಲ್ಲೇ ಮುಗಿಸುವ ಕೆಲಸ

ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಬೇರೆ ದೇಶದವರು ಬರೆದ ಮಾರ್ಗದರ್ಶಿಗಳಲ್ಲಿ ಈ ತೊಂದರೆ ಇರುವುದೇ ಇಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೌಂಟ್ ತಿರುಗುವ ಅಕ್ಷ, ಅಂದರೆ ಧ್ರುವಾಕ್ಷ, ಉತ್ತರಕ್ಕೆ ನಮ್ಮ ಅಕ್ಷಾಂಶದಷ್ಟೇ ಎತ್ತರಕ್ಕೆ ಮುಖ ಮಾಡಬೇಕು. 13 ಡಿಗ್ರಿ ಅಂದರೆ ಅದು ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಮಲಗಿರುತ್ತದೆ. ಕೆಲವು ಮೌಂಟುಗಳು ಅಷ್ಟು ಕೆಳಗೆ ಬಾಗುವುದೇ ಇಲ್ಲ. ಕೊಳ್ಳುವ ಮೊದಲು ಕನಿಷ್ಠ ಅಕ್ಷಾಂಶ ಎಷ್ಟು ಅಂತ ಕೇಳಿ. ಬಾಗಿದರೂ ಇನ್ನೊಂದು ಕಾಟ ಇದೆ. ಕೌಂಟರ್‌ವೇಟ್ (ಟೆಲಿಸ್ಕೋಪಿನ ಭಾರ ಸರಿದೂಗಿಸುವ ತೂಕದ ಗುಂಡು) ಕಟ್ಟಿದ ಸರಳು ನೇರ ಕೆಳಗೆ ಇಳಿದು, ಉತ್ತರದ ಕಡೆಯ ಟ್ರೈಪಾಡ್ ಕಾಲಿಗೆ ಬಡಿಯುತ್ತದೆ.

ನನ್ನ ಮೊದಲ ಚಳಿಗಾಲದಲ್ಲಿ ಇದೇ ಆಯಿತು. ಎಲ್ಲ ಸರಿ ಮಾಡಿ, ಮೊದಲ ಹತ್ತು ಚಿತ್ರ ಚೆನ್ನಾಗಿ ಬಂದ ಖುಷಿಯಲ್ಲಿ ಕೆಳಗಿಳಿದು ಮಲಗಿದೆ. ಬೆಳಿಗ್ಗೆ ನೋಡಿದರೆ ಕುದುರೆ ಪಶ್ಚಿಮಕ್ಕೆ ಇಳಿಯುವ ಹೊತ್ತಿಗೆ ತೂಕದ ಗುಂಡು ಟ್ರೈಪಾಡ್ ಕಾಲಿಗೆ ಆನಿಕೊಂಡು ನಿಂತಿತ್ತು. ಅಲ್ಯೂಮಿನಿಯಂ ಕಾಲಿನ ಮೇಲೆ ಉಗುರಿನಷ್ಟು ಅಗಲದ ಗೀರು. ಅಲ್ಲಿಂದಾಚೆಗಿನ 40 ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಗೆರೆ ಗೆರೆ. ಆ ಗೀರು ಇವತ್ತಿಗೂ ಇದೆ. ಪ್ರತಿ ಸಲ ಟ್ರೈಪಾಡ್ ಬಿಚ್ಚಿದಾಗ ಮೊದಲು ಅದನ್ನೇ ಮುಟ್ಟಿ ನೋಡುತ್ತೇನೆ.

ಪರಿಹಾರ ಸುಲಭ. ಟ್ರೈಪಾಡಿನ ಎರಡು ಕಾಲುಗಳ ನಡುವಿನ ಜಾಗ ಉತ್ತರಕ್ಕೆ ಬರುವ ಹಾಗೆ ತಿರುಗಿಸಿ ಇಡಿ. ಮೌಂಟ್ ಕೂರುವ ಗೂಟವನ್ನು ಕೆಲವು ಟ್ರೈಪಾಡುಗಳಲ್ಲಿ ಬಿಚ್ಚಿ ಬೇರೆ ಕಡೆ ಹಾಕಬಹುದು. ಆಗದಿದ್ದರೆ ಮೌಂಟ್ ಮತ್ತು ಟ್ರೈಪಾಡ್ ನಡುವೆ ಒಂದು ಚಿಕ್ಕ ಕಂಬ ಸೇರಿಸಿ. ಆಮೇಲೆ ಹಗಲಲ್ಲೇ, ಮೋಟಾರ್ ಹಾಕದೆ, ಟೆಲಿಸ್ಕೋಪನ್ನು ಕೈಯಿಂದ ಪೂರ್ವದಿಂದ ಪಶ್ಚಿಮದವರೆಗೆ ತಿರುಗಿಸಿ ನೋಡಿ. ಎಲ್ಲೂ ಏನೂ ತಾಗಬಾರದು, ವೈರ್ ಎಳೆಯಬಾರದು.

ತಾರಸಿಯಲ್ಲಿ ಜಾಗ ಆರಿಸುವಾಗ ನೀರಿನ ಟ್ಯಾಂಕ್, ಸೋಲಾರ್ ಹೀಟರ್ ಎರಡೂ ಪೂರ್ವಕ್ಕೆ ಅಡ್ಡ ಬರದ ಮೂಲೆ ನೋಡಿ. ಆದಷ್ಟು ಗೋಡೆ ಅಥವಾ ಕಂಬದ ನೇರಕ್ಕೆ ಇಡಿ. ಸ್ಲ್ಯಾಬಿನ ನಡುವೆ ಇಟ್ಟರೆ ನೀವು ಓಡಾಡಿದಾಗೆಲ್ಲ ಚಿತ್ರ ಅದುರುತ್ತದೆ. ಮೂರು ಕಾಲು ಕೂತ ಜಾಗಕ್ಕೆ ಪೇಂಟಿನಲ್ಲಿ ಮೂರು ಬೊಟ್ಟು ಇಡಿ. ಎರಡನೇ ರಾತ್ರಿಯಿಂದ ಅರ್ಧ ಗಂಟೆ ಉಳಿಯುತ್ತದೆ.

ಪಕ್ಕದ ಮನೆಯ ಲೈಟ್ ನೇರ ಟೆಲಿಸ್ಕೋಪಿಗೆ ಬೀಳುತ್ತಿದ್ದರೆ ಹೋಗಿ ಕೇಳಿ, ಸಂಕೋಚ ಬೇಡ. "ಆಂಟಿ, ಇವತ್ತು ರಾತ್ರಿ ಒಂದೂವರೆವರೆಗೆ ಮೇಲಿನ ಲೈಟ್ ಆಫ್ ಮಾಡ್ತೀರಾ?" ಅಂತ ನಾನು ಕೇಳಿದ್ದಕ್ಕೆ ನಮ್ಮ ಪಕ್ಕದ ಮನೆಯವರು ಲೈಟೂ ಆರಿಸಿದರು, ಮೊಮ್ಮಗನನ್ನು ಕರೆದುಕೊಂಡು ತಾರಸಿಗೂ ಬಂದರು.

ಧ್ರುವಕ್ಕೆ ಹೊಂದಿಸುವುದು

ತೋಳು ಚಾಚಿ ಹಿಡಿದ ಮುಷ್ಟಿ ಸುಮಾರು 10 ಡಿಗ್ರಿ. ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಅದಕ್ಕಿಂತ ಸ್ವಲ್ಪವೇ ಮೇಲಿರುತ್ತದೆ. ಮುಂದೆ ಒಂದು ಅಪಾರ್ಟ್‌ಮೆಂಟ್ ಅಥವಾ ತೆಂಗಿನಮರ ಇದ್ದರೆ ಮುಗಿಯಿತು, ಧ್ರುವ ಕಾಣುವುದಿಲ್ಲ. ಕಂಡರೂ ಮಬ್ಬಿನಲ್ಲಿ ಮುಳುಗಿರುತ್ತದೆ.

ಅದಕ್ಕೇ ನಿನಾದ ಮೂರು ಬಿಂದುಗಳ ಪೋಲಾರ್ ಅಲೈನ್‌ಮೆಂಟ್ ಪ್ಲಗಿನ್ ನಮಗೆ ವರದಾನ. ಅದಕ್ಕೆ ಧ್ರುವ ಕಾಣಬೇಕಾಗಿಲ್ಲ. ಆಕಾಶದ ಯಾವ ಕಡೆಗೆ ಮುಖ ಮಾಡಿದರೂ ಮೂರು ಚಿತ್ರ ತೆಗೆದು, ಅವುಗಳಲ್ಲಿನ ನಕ್ಷತ್ರ ಗುರುತಿಸಿ, ಅಕ್ಷ ಎಷ್ಟು ತಪ್ಪಿದೆ ಅಂತ ಹೇಳುತ್ತದೆ. ಆಮೇಲೆ ಮೌಂಟಿನ ಎರಡು ತಿರುಪುಗಳನ್ನು ನಿಧಾನವಾಗಿ ತಿರುಗಿಸುತ್ತಾ ತಪ್ಪನ್ನು ಒಂದೆರಡು ಆರ್ಕ್‌ಮಿನಿಟಿಗೆ ಇಳಿಸಿ. ಸೊನ್ನೆಯೇ ಬರಲಿ ಅಂತ ಒಂದು ಗಂಟೆ ಕೂರಬೇಡಿ, ಉಳಿದದ್ದನ್ನು ಗೈಡಿಂಗ್ ನೋಡಿಕೊಳ್ಳುತ್ತದೆ. ಉತ್ತರ ಹುಡುಕಲು ಫೋನಿನ ದಿಕ್ಸೂಚಿ ಬಳಸುವುದಾದರೆ ಮೌಂಟಿನಿಂದ ದೂರ ನಿಂತು ನೋಡಿ. ಅದರ ಕಬ್ಬಿಣ ಮುಳ್ಳನ್ನು ಎಳೆಯುತ್ತದೆ.

ಫೋಕಸ್

ಫಿಲ್ಟರ್ ಹಾಕಿದ ಮೇಲೆಯೇ ಫೋಕಸ್ ಮಾಡಿ. ಲುಬ್ಧಕ ಅಥವಾ ರಿಜೆಲ್‌ನಂಥ ಪ್ರಕಾಶಮಾನ ನಕ್ಷತ್ರಕ್ಕೆ ತಿರುಗಿಸಿ, ಲೆನ್ಸಿನ ಮುಂದೆ ಬಾಹ್ಟಿನೋವ್ ಮಾಸ್ಕ್ ಇಡಿ. ಜಾಲರಿ ಕೊರೆದ ಒಂದು ತಟ್ಟೆ ಅದು. ನಕ್ಷತ್ರದ ಮೂಲಕ ಮೂರು ಗೆರೆ ಕಾಣುತ್ತವೆ. ಎರಡು ಗೆರೆ ಕತ್ತರಿಯ ಹಾಗೆ, ನಡುವೆ ಇನ್ನೊಂದು. ನಡುವಿನ ಗೆರೆ ಕತ್ತರಿಯ ಸರಿಯಾದ ಮಧ್ಯಕ್ಕೆ ಬಂದರೆ ಫೋಕಸ್ ಆಯಿತು. ಸ್ಕ್ರೂ ಬಿಗಿ ಮಾಡಿ, ಮತ್ತೆ ನೋಡಿ, ಬಿಗಿ ಮಾಡುವಾಗಲೇ ಸರಿದಿರುತ್ತದೆ. ಮಾಸ್ಕ್ ತೆಗೆಯಲು ಮರೆಯಬೇಡಿ. ರಾತ್ರಿ ತಂಪಾದ ಹಾಗೆ ಟ್ಯೂಬ್ ಕುಗ್ಗಿ ಫೋಕಸ್ ಕೆಡುತ್ತದೆ. ಮೊದಲ ಎರಡು ಗಂಟೆ ಜಾಸ್ತಿ ಗಮನ ಬೇಕು.

ಚೌಕಟ್ಟು ಮತ್ತು ಗೈಡಿಂಗ್

ಗುರಿ ಕಣ್ಣಿಗೆ ಕಾಣದಿದ್ದಾಗ ಹುಡುಕುವುದು ಹೇಗೆ? ಪ್ಲೇಟ್ ಸಾಲ್ವಿಂಗ್ ಇದೆ. ಒಂದು ಚಿತ್ರ ತೆಗೆದರೆ ಸಾಫ್ಟ್‌ವೇರ್ ಅದರಲ್ಲಿನ ನಕ್ಷತ್ರಗಳನ್ನು ಪಟ್ಟಿಯ ಜೊತೆ ಹೋಲಿಸಿ, ಟೆಲಿಸ್ಕೋಪ್ ಎಲ್ಲಿ ನೋಡುತ್ತಿದೆ ಅಂತ ಹೇಳಿ, ಬೇಕಾದ ಕಡೆ ತಿರುಗಿಸುತ್ತದೆ. ಕುದುರೆತಲೆಯ ಪಟ್ಟಿ ಹೆಸರು ಬಾರ್ನಾರ್ಡ್ 33. ಅದನ್ನು ನಡುವಿನಿಂದ ಸ್ವಲ್ಪ ಕೆಳಗೆ ಇಟ್ಟು, ಉತ್ತರ ಮೇಲೆ ಬರುವ ಹಾಗೆ ಕ್ಯಾಮೆರಾ ತಿರುಗಿಸಿ. ಆಗ ಆಲ್ನಿಟಾಕ್ ಮೇಲೆ, ಜ್ವಾಲೆ ನೀಹಾರಿಕೆ ಅದರ ಎಡಕ್ಕೆ ಬರುತ್ತದೆ. ಎಷ್ಟು ಕೋನಕ್ಕೆ ತಿರುಗಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ಎಲ್ಲ ರಾತ್ರಿಯೂ ಅದೇ ಕೋನ ಇರಬೇಕು.

ಗೈಡಿಂಗ್ ಅಂದರೆ ಗೈಡ್ ಕ್ಯಾಮೆರಾ ಎರಡು ಸೆಕೆಂಡಿಗೊಮ್ಮೆ ನಕ್ಷತ್ರ ನೋಡಿ, ಸ್ವಲ್ಪ ಸರಿದರೂ ಮೌಂಟಿಗೆ "ಈ ಕಡೆ ಬಾ" ಅನ್ನುವುದು. ಪಿಎಚ್‌ಡಿ2ಗೆ ಖಗೋಳದ ಸಮಭಾಜಕದ ಹತ್ತಿರ ಕ್ಯಾಲಿಬ್ರೇಷನ್ ಮಾಡಿಸಬೇಕು. ಸೊಂಟಪಟ್ಟಿ ಇರುವುದೇ ಅಲ್ಲಿ, ಬೇರೆಲ್ಲೂ ಹೋಗಬೇಕಾಗಿಲ್ಲ. ಒಟ್ಟು ತಪ್ಪು 1 ಆರ್ಕ್‌ಸೆಕೆಂಡಿನ ಆಸುಪಾಸಿದ್ದರೆ ನಮ್ಮ ಅಳತೆಗೆ ಧಾರಾಳ. ಗ್ರಾಫ್ ನೋಡುತ್ತಾ ಗಾಬರಿಯಾಗಬೇಡಿ, ಚಿತ್ರದಲ್ಲಿ ನಕ್ಷತ್ರ ದುಂಡಗಿದೆಯಾ ನೋಡಿ. ಅಷ್ಟೇ.

ಒಂದು ಸೆಟ್ಟಿಂಗ್ ಮಾತ್ರ ಬಿಡಬೇಡಿ. ಡಿದರಿಂಗ್. ಪ್ರತಿ ಮೂರು ಚಿತ್ರಕ್ಕೊಮ್ಮೆ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸುವುದು ಇದರ ಕೆಲಸ. ಸೆನ್ಸರಿನ ಕಲೆಗಳು ಪ್ರತಿ ಸಲ ಸರಿಸಿದಾಗಲೂ ಬೇರೆ ಬೇರೆ ಜಾಗಕ್ಕೆ ಬೀಳುತ್ತವೆ, ಜೋಡಿಸುವಾಗ ಅಳಿಸಿಹೋಗುತ್ತವೆ. ಇದನ್ನು ಬಿಟ್ಟರೆ ಕೊನೆಯ ಚಿತ್ರದಲ್ಲಿ ಮಳೆ ಹನಿ ಜಾರಿದ ಹಾಗೆ ಗೀಟುಗಳು ಬರುತ್ತವೆ.

ಎಷ್ಟು ಹೊತ್ತು?

ಒಂದೊಂದು ಚಿತ್ರ 300 ಸೆಕೆಂಡ್, ಗೇನ್ (ಸೆನ್ಸರಿನ ಸಂಕೇತವನ್ನು ಹಿಗ್ಗಿಸುವ ಮಟ್ಟ) 100, ಸೆನ್ಸರ್ ಉಷ್ಣತೆ ಮೈನಸ್ 10 ಡಿಗ್ರಿ ಸೆಲ್ಸಿಯಸ್. ಇದು ಎಫ್/6 ಟೆಲಿಸ್ಕೋಪಿಗೆ, ನ್ಯಾರೋಬ್ಯಾಂಡ್ ಫಿಲ್ಟರಿನ ಜೊತೆ ನಾನು ಬಳಸುವ ಲೆಕ್ಕ. ಡಿಎಸ್ಎಲ್ಆರ್ ಆದರೆ ಐಎಸ್ಒ 800ರಲ್ಲಿ 180 ಸೆಕೆಂಡಿನಿಂದ ಶುರು ಮಾಡಿ. ಹಿಸ್ಟೋಗ್ರಾಂನ (ಚಿತ್ರದಲ್ಲಿ ಕಪ್ಪು ಎಷ್ಟು, ಬಿಳುಪು ಎಷ್ಟು ಅಂತ ತೋರಿಸುವ ಗ್ರಾಫಿನ) ಗುಡ್ಡ ಎಡದ ಗೋಡೆ ಬಿಟ್ಟು ಸ್ವಲ್ಪ ಈಚೆ ಬಂದಿದ್ದರೆ ಸಾಕು.

ಮೊದಲ ಚಿತ್ರ ಬಂದಾಗ ಅದನ್ನು ಸ್ಕ್ರೀನ್ ಮೇಲೆ ಹಿಗ್ಗಿಸಿ ನೋಡಿ. ಬೂದಿ ಬಣ್ಣದ ಕಾಳುಕಾಳು ನಡುವೆ, ಹೆಬ್ಬೆರಳಿನ ಉಗುರಿನಷ್ಟು ಒಂದು ಕಪ್ಪು ಕಚ್ಚು. ಕುತ್ತಿಗೆ ಇಲ್ಲ, ಮೂತಿ ಸರಿಯಾಗಿಲ್ಲ. ಆದರೂ ಅದು ಅಲ್ಲಿದೆ! ಬೆಂಗಳೂರಿನ ಅಷ್ಟೂ ಬೆಳಕನ್ನು ದಾಟಿ ಬಂದಿದೆ.

ಆ ಕಾಳನ್ನು ಕಡಿಮೆ ಮಾಡುವುದು ಸಮಯ ಒಂದೇ. ನೀಹಾರಿಕೆಯ ಬೆಳಕು ಚಿತ್ರಗಳ ಸಂಖ್ಯೆಯಷ್ಟೇ ಕೂಡುತ್ತಾ ಹೋಗುತ್ತದೆ. ನಾಯ್ಸ್, ಅಂದರೆ ಆ ಕಾಳು, ಮಾತ್ರ ಅದರ ವರ್ಗಮೂಲದಷ್ಟೇ ಬೆಳೆಯುತ್ತದೆ. ಹಾಗಾಗಿ ಒಂದು ಗಂಟೆಯ ಚಿತ್ರಕ್ಕಿಂತ ನಾಲ್ಕು ಗಂಟೆಯದು ಎರಡು ಪಟ್ಟು ನಯ. ಅದಕ್ಕಿಂತ ಎರಡು ಪಟ್ಟು ಬೇಕೆಂದರೆ 16 ಗಂಟೆ. ನಗರದಿಂದ 8 ಗಂಟೆಯಾದರೂ ಕೂಡಿಸಿ, ಅಂದರೆ 300 ಸೆಕೆಂಡಿನ 96 ಚಿತ್ರ. ಎರಡು ಮೂರು ರಾತ್ರಿಯ ಕೆಲಸ. ಹೊಸ ಫಿಲ್ಟರ್, ಹೊಸ ಕ್ಯಾಮೆರಾ ಅಂತ ಯೋಚಿಸುವ ಮೊದಲು ಇನ್ನೊಂದು ರಾತ್ರಿ ಕೂಡಿಸಿ ನೋಡಿ.

ಕುದುರೆ ನೆತ್ತಿ ದಾಟುವಾಗ ಮೌಂಟ್ ಮಗುಚಿಕೊಂಡು ಟೆಲಿಸ್ಕೋಪನ್ನು ಇನ್ನೊಂದು ಮಗ್ಗುಲಿಗೆ ತರಬೇಕು. ಇದಕ್ಕೆ ಮೆರಿಡಿಯನ್ ಫ್ಲಿಪ್ ಅನ್ನುತ್ತಾರೆ. ನಿನಾ ತಾನೇ ಮಾಡುತ್ತದೆ. ಆದರೂ ಮೊದಲ ಕೆಲವು ಸಲ ಪಕ್ಕದಲ್ಲೇ ನಿಂತು ನೋಡಿ. ಇಬ್ಬನಿಗೆ ಹೀಟರ್ ಪಟ್ಟಿಯನ್ನು ಸಂಜೆಯಿಂದಲೇ ಹಾಕಿಡಿ, ಲೆನ್ಸ್ ಒದ್ದೆಯಾದ ಮೇಲೆ ಹಾಕಿ ಪ್ರಯೋಜನ ಕಡಿಮೆ. ಕರೆಂಟ್ ಹೋದರೆ ಇಡೀ ರಾತ್ರಿಯ ಜೋಡಣೆ ಹಾಳು. ಮೌಂಟಿಗೂ ಕ್ಯಾಮೆರಾಕ್ಕೂ 12 ವೋಲ್ಟ್ ಬ್ಯಾಟರಿ ಅಥವಾ ಮನೆಯ ಯುಪಿಎಸ್ ಲೈನ್ ಕೊಡಿ.

ಡಾರ್ಕ್, ಫ್ಲ್ಯಾಟ್: ಬೇಸರ ತರಿಸುವ, ಬಿಡಬಾರದ ಕೆಲಸ

ಡಾರ್ಕ್ ಅಂದರೆ ಮುಚ್ಚಳ ಹಾಕಿ ತೆಗೆದ ಚಿತ್ರ. ಅದೇ 300 ಸೆಕೆಂಡ್, ಅದೇ ಗೇನ್, ಅದೇ ಮೈನಸ್ 10, ಸುಮಾರು 25. ಕೂಲ್ಡ್ ಕ್ಯಾಮೆರಾ ಆದರೆ ಮೋಡ ಇರುವ ದಿನ ಒಂದು ಸಲ ತೆಗೆದಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ.

ಫ್ಲ್ಯಾಟ್ ಹಾಗಲ್ಲ. ಸೆನ್ಸರ್ ಮೇಲಿನ ಧೂಳಿನ ಉಂಗುರಗಳು, ಮೂಲೆಗಳ ಮಬ್ಬು, ಇವನ್ನು ಅಳಿಸುವುದು ಫ್ಲ್ಯಾಟ್. ಫೋಕಸ್ ಮತ್ತು ಕ್ಯಾಮೆರಾದ ಕೋನ ಬದಲಾಗುವ ಮೊದಲೇ ತೆಗೆಯಬೇಕು. ನನ್ನ ಕ್ರಮ ಇದು: ಮುಗಿಯುತ್ತಿದ್ದಂತೆ ಟೆಲಿಸ್ಕೋಪನ್ನು ನೇರ ಮೇಲಕ್ಕೆ ತಿರುಗಿಸಿ, ಒಗೆದ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಸುಕ್ಕಿಲ್ಲದೆ ಬಿಗಿದು ರಬ್ಬರ್ ಬ್ಯಾಂಡ್ ಹಾಕುತ್ತೇನೆ. ಮೇಲೆ ಟ್ಯಾಬ್ಲೆಟ್ ಇಟ್ಟು ಬಿಳಿ ಪರದೆ ಹೊತ್ತಿಸುತ್ತೇನೆ. ಹಿಸ್ಟೋಗ್ರಾಂನ ಗುಡ್ಡ ನಡುವಿಗೆ ಬರುವ ಹಾಗೆ ಎಕ್ಸ್‌ಪೋಷರ್ ಇಟ್ಟು 30 ಚಿತ್ರ. ಆಮೇಲೆ ಅದೇ ಎಕ್ಸ್‌ಪೋಷರಿನಲ್ಲಿ ಮುಚ್ಚಳ ಹಾಕಿ ಇನ್ನೂ 30. ಅವು ಡಾರ್ಕ್ ಫ್ಲ್ಯಾಟ್. ಒಟ್ಟು ಹತ್ತು ನಿಮಿಷ. ರಾತ್ರಿ ಒಂದೂವರೆಗೆ ನಿದ್ದೆ ಎಳೆಯುತ್ತಿರುತ್ತದೆ ನಿಜ, ಆದರೂ ತೆಗೆದೇ ಕೆಳಗಿಳಿಯಿರಿ.

ಜೋಡಿಸುವುದು, ತಿದ್ದುವುದು

ಸಿರಿಲ್ ಲೈಟ್ಸ್ (ನೀಹಾರಿಕೆಯ ಚಿತ್ರಗಳು), ಡಾರ್ಕ್ಸ್, ಫ್ಲ್ಯಾಟ್ಸ್, ಬಯಾಸಸ್ ಎಂಬ ನಾಲ್ಕು ಫೋಲ್ಡರ್ ಕೇಳುತ್ತದೆ. ಡಾರ್ಕ್ ಫ್ಲ್ಯಾಟುಗಳನ್ನು ಬಯಾಸ್ ಫೋಲ್ಡರಿಗೆ ಹಾಕಿ. ಕಲರ್ ಕ್ಯಾಮೆರಾದಿಂದ ಎಚ್-ಆಲ್ಫಾ ಮಾತ್ರ ಬೇರ್ಪಡಿಸುವ ಸ್ಕ್ರಿಪ್ಟ್ ಅದರಲ್ಲೇ ಇದೆ. ಅದನ್ನು ಓಡಿಸಿ. ವಿಮಾನ, ಉಪಗ್ರಹ ಎಳೆದ ಗೆರೆಗಳನ್ನು ಅದು ತಾನೇ ತೆಗೆದುಹಾಕುತ್ತದೆ, ಹಾಗಾಗಿ ಗೆರೆ ಬಿದ್ದ ಚಿತ್ರಗಳನ್ನು ಎಸೆಯಬೇಡಿ. ಮೋಡ ಬಂದ, ನಕ್ಷತ್ರ ಉದ್ದವಾದ ಚಿತ್ರಗಳನ್ನು ಮಾತ್ರ ಮೊದಲೇ ತೆಗೆಯಿರಿ. ಹಲವು ರಾತ್ರಿಯ ಚಿತ್ರಗಳಿದ್ದರೆ ಆಯಾ ರಾತ್ರಿಯದನ್ನು ಆಯಾ ಫ್ಲ್ಯಾಟ್‌ನಿಂದ ಸರಿಪಡಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಜೋಡಿಸಿ.

ಮೊದಲ ಸಲ ಕಪ್ಪು ಬಿಳುಪು ಚಿತ್ರವನ್ನೇ ಮಾಡಿ. ಕುದುರೆತಲೆ ಕಪ್ಪು ಬಿಳುಪಿನಲ್ಲೇ ಎಷ್ಟು ಗಂಭೀರವಾಗಿ ಕಾಣುತ್ತದೆ ಅಂದರೆ ನಾನು ಗೋಡೆಗೆ ಹಾಕಿರುವುದೂ ಅದನ್ನೇ.

ಈಗ ಎಲ್ಲರೂ ಜಾರುವ ಜಾಗ. ನಗರದ ಬೆಳಕಿನಿಂದ ಚಿತ್ರದ ಒಂದು ಕಡೆ ಬೆಳ್ಳಗೆ, ಇನ್ನೊಂದು ಕಡೆ ಕಪ್ಪಗೆ ಇರುತ್ತದೆ. ಅದನ್ನು ತೆಗೆಯಲು ಸಿರಿಲ್‌ನಲ್ಲಿ ಹಿನ್ನೆಲೆ ತೆಗೆಯುವ ಸಾಧನ ಇದೆ. ಆದರೆ ಐಸಿ 434 ಕೂಡ ಹಾಗೇ ಇದೆ. ಕುದುರೆಯ ಕಡೆ ಗಟ್ಟಿಯಾಗಿ ಶುರುವಾಗಿ, ಪಶ್ಚಿಮಕ್ಕೆ ಹೋದಂತೆ ನಿಧಾನವಾಗಿ ಕರಗುತ್ತದೆ. ಸಾಫ್ಟ್‌ವೇರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀವು ಮೂರು ರಾತ್ರಿ ಕೂತು ಕೂಡಿಸಿದ ಪರದೆಯನ್ನೇ ಕಸ ಅಂತ ಗುಡಿಸಿ ಹಾಕುತ್ತದೆ. ಆದ್ದರಿಂದ ಹಿನ್ನೆಲೆ ಅಳೆಯಲು ಅದು ತಾನೇ ಇಡುವ ಬಿಂದುಗಳನ್ನು ಅಳಿಸಿ, ಕೈಯಿಂದ ಐದಾರು ಬಿಂದು ಇಡಿ. ಎಲ್ಲವೂ ಕುದುರೆಯ ಪೂರ್ವದ ಕತ್ತಲ ಭಾಗದಲ್ಲಿ ಮತ್ತು ದೂರದ ಮೂಲೆಗಳಲ್ಲಿ ಇರಲಿ. ಪರದೆಯ ಮೇಲೆ ಒಂದೂ ಬೇಡ. ಆ ಸಾಧನದ "ಡಿಗ್ರಿ ಆರ್ಡರ್" 1 ಇಡಿ, ಅದಕ್ಕಿಂತ ಜಾಸ್ತಿ ಬೇಡ.

ಮುಂದಿನದು ಸ್ಟ್ರೆಚ್, ಅಂದರೆ ಮಸುಕು ಬೆಳಕನ್ನು ಕಣ್ಣಿಗೆ ಕಾಣುವಷ್ಟು ಎತ್ತುವುದು. ಸ್ಟಾರ್‌ನೆಟ್ ಎಂಬ ಸಾಫ್ಟ್‌ವೇರಿನಿಂದ ನಕ್ಷತ್ರಗಳನ್ನು ಬೇರೆ ಮಾಡಿ, ನೀಹಾರಿಕೆಯನ್ನು ಮಾತ್ರ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಎತ್ತಿ. ಒಂದೇ ಸಲಕ್ಕೆ ಎಳೆದರೆ ಕಾಳು ಎದ್ದು ನಿಲ್ಲುತ್ತದೆ. ಕಪ್ಪು ಬಿಂದುವನ್ನು (ಎಷ್ಟು ಮಸುಕನ್ನು ಪೂರ್ತಿ ಕಪ್ಪು ಅಂತ ಎಣಿಸಬೇಕು ಅನ್ನುವ ಮಿತಿಯನ್ನು) ಪೂರ್ತಿ ಒತ್ತಬೇಡಿ. ಕುದುರೆಯ ತಲೆ ಮಸಿಯ ಹಾಗೆ ಕಪ್ಪಲ್ಲ, ಹಣೆಯ ಅಂಚಿನಲ್ಲಿ ಒಂದು ಎಳೆ ಬೆಳಕಿದೆ. ಅದು ಉಳಿದರೆ ತಲೆ ದುಂಡಗೆ ಕಾಣುತ್ತದೆ, ಒತ್ತಿದರೆ ಕಾಗದ ಕತ್ತರಿಸಿ ಅಂಟಿಸಿದ ಹಾಗೆ. ಆಮೇಲೆ ನಕ್ಷತ್ರಗಳನ್ನು ಮೆತ್ತಗೆ ಮರಳಿ ಸೇರಿಸಿ. ವಿವರವನ್ನು ತಾನೇ ಹುಟ್ಟಿಸುವ ಎಐ ಶಾರ್ಪನಿಂಗ್ ಸಾಧನಗಳಿಂದ ದೂರ ಇರಿ. ಇಲ್ಲದ ಕೂದಲನ್ನು ಕುದುರೆಗೆ ಬಿಡಿಸಿಬಿಡುತ್ತವೆ.

ಬಣ್ಣ ಬೇಕೇ? ಡ್ಯುಯಲ್ ಫಿಲ್ಟರಿನ ಚಿತ್ರ ಇಲ್ಲಿ ಹೆಚ್ಚುಕಡಿಮೆ ಪೂರ್ತಿ ಕೆಂಪು. ಕುದುರೆಯ ಪಕ್ಕದ ಎನ್‌ಜಿಸಿ 2023 ಎಂಬ ಇನ್ನೊಂದು ನೀಹಾರಿಕೆ ನಿಜದಲ್ಲಿ ನೀಲಿ, ನಕ್ಷತ್ರದ ಬೆಳಕು ಧೂಳಿಗೆ ತಾಗಿ ಚೆದುರಿದ್ದು. ನ್ಯಾರೋಬ್ಯಾಂಡ್ ಫಿಲ್ಟರ್ ಅದನ್ನು ತಿಂದುಬಿಡುತ್ತದೆ. ಅದಕ್ಕೆ ಫಿಲ್ಟರ್ ತೆಗೆದು 60 ಸೆಕೆಂಡಿನ ಚಿತ್ರಗಳನ್ನು ಒಂದೆರಡು ಗಂಟೆ ಕೂಡಿಸಿ. ಊರಿನ ಕಡೆ ಹೋದಾಗ, ಕತ್ತಲ ಹೊಲದ ಬದುವಿನಲ್ಲಿ ತೆಗೆದರೆ ಇನ್ನೂ ಚೆನ್ನ. ಅದರಿಂದ ನಕ್ಷತ್ರಗಳ ಬಣ್ಣ ಮತ್ತು ಆ ನೀಲಿ, ತಾರಸಿಯ ಚಿತ್ರದಿಂದ ಕೆಂಪು. ಎರಡನ್ನೂ ಸೇರಿಸಿ.

ಮೂಲ ಚಿತ್ರಗಳನ್ನು ಅಳಿಸಬೇಡಿ. ಲೈಟ್, ಫ್ಲ್ಯಾಟ್, ಡಾರ್ಕ್ ಎಲ್ಲವನ್ನೂ ದಿನಾಂಕ ಬರೆದ ಫೋಲ್ಡರಿನಲ್ಲಿ ಹಾರ್ಡ್ ಡಿಸ್ಕಿಗೆ ಹಾಕಿಡಿ, ಕ್ಯಾಮೆರಾದ ಕೋನವನ್ನೂ ಅಲ್ಲೇ ಬರೆದಿಡಿ. ಮಾರ್ಚ್ ನಡುವಿನ ಹೊತ್ತಿಗೆ ಮಹಾವ್ಯಾಧ ಕತ್ತಲಾಗುವಾಗಲೇ ಪಶ್ಚಿಮಕ್ಕೆ ವಾಲಿರುತ್ತಾನೆ. ಮುಂದಿನ ಎಳ್ಳಮಾವಾಸ್ಯೆಗೆ ಅದೇ ಮೂರು ಬೊಟ್ಟಿನ ಮೇಲೆ ಟ್ರೈಪಾಡ್ ಇಟ್ಟು, ಅದೇ ಕೋನಕ್ಕೆ ಕ್ಯಾಮೆರಾ ತಿರುಗಿಸಿ, ಈ ವರ್ಷದ 8 ಗಂಟೆಗೆ ಇನ್ನೊಂದು 8 ಗಂಟೆ ಸೇರಿಸಬಹುದು.